ಬಿರಡೆಯಿಲ್ಲದ ಮಡಕೆ

ಮೇಜಿನ ಮೇಲಿದ್ದ ಮಡಕೆಯ ಬಟ್ಟೆ ಸರಿಸಿದಾಗ ಓಟ್‌ಮಾರ್ ಕ್ನೌಸ್‌ಗೆ ಮೊದಲು ಬಂದದ್ದು ನಗು. ಸಂತೆಯ ಗದ್ದಲದಲ್ಲಿ ಹಳೆಯ ಗೆಳೆಯನ ಮುಖ ಕಂಡವನಂತೆ ತುಟಿ ತಾನಾಗಿ ಬಿರಿಯಿತು. ಮರುಕ್ಷಣವೇ ಅವನು ತುಟಿ ಬಿಗಿದು, ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದ. ಆ ಮಡಕೆಯನ್ನು ಮಾಡಿದವನು ಅವನೇ.

‘ಚಿನ್ನದ ಮೀನು’ ಹೋಟೆಲಿನ ಹಿಂದಿನ ಕೋಣೆಯಲ್ಲಿ ಕ್ರೆಂಗ್ಲಿಂಗನ್ ಊರಿನ ಪ್ರಾಚ್ಯವಸ್ತು ಸಂಘ ಸಭೆ ಸೇರಿತ್ತು. ಅಜ್ಜಂದಿರ ಕಾಲದಿಂದಲೂ ಅದೇ ಕೋಣೆ, ಅದೇ ಉದ್ದನೆಯ ಮೇಜು, ಅದೇ ಹೊಗೆ ಹಿಡಿದ ಗೋಡೆ. ಹೊಸದೆಂದರೆ ಗೋಡೆಯ ಮೇಲಿನ ಬಾವುಟ ಮತ್ತು ಅಧ್ಯಕ್ಷರ ಕುರ್ಚಿಯಲ್ಲಿ ಕೂತ ಶಾಲಾ ಇನ್‌ಸ್ಪೆಕ್ಟರ್ ಡೆಗ್ಲರ್. ಪಕ್ಷ ಅಧಿಕಾರಕ್ಕೆ ಬಂದ ವರ್ಷವೇ ಡೆಗ್ಲರ್ ಅಧ್ಯಕ್ಷನಾಗಿದ್ದ. ಅವನನ್ನು ಯಾರು ಆರಿಸಿದರು ಎಂದು ಕೇಳುವ ಎದೆ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ರೋಮನ್ನರ ಕೋಟೆಗಳ ಬಗ್ಗೆ ಗಂಟೆಗಟ್ಟಲೆ ಕಿತ್ತಾಡುತ್ತಿದ್ದ ಪಂಡಿತರೆಲ್ಲ ಆ ಸಂಜೆ ಬಿಯರಿನ ನೊರೆಯನ್ನು ಬಹಳ ಆಸಕ್ತಿಯಿಂದ ನೋಡುತ್ತ ಕೂತಿದ್ದರು.

“ಬಂಧುಗಳೇ,” ಎಂದ ಡೆಗ್ಲರ್, ಮಡಕೆಯ ಭುಜದ ಮೇಲೆ ಮಗುವಿನ ತಲೆ ಸವರುವಂತೆ ಕೈಯಾಡಿಸುತ್ತ. “ನೇಣುಗುಡ್ಡದಲ್ಲಿ ಯುವಕರ ಶಿಬಿರಕ್ಕೆ ಪಾಯ ತೆಗೀತಿದ್ದಾಗ ಸಿಕ್ಕಿದ್ದು. ನಮ್ಮ ಪೂರ್ವಜ ರಾಜನೊಬ್ಬನ ಚಿತಾಭಸ್ಮದ ಮಡಕೆ. ಎರಡು ಸಾವಿರ ವರ್ಷ ಆ ಮಣ್ಣು ಯಾರದಾಗಿತ್ತು ಅನ್ನೋದಕ್ಕೆ ಇನ್ನು ಸಾಕ್ಷಿ ಬೇಕಾ?”

ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ನೌಸ್ ಕೂಡ ತಟ್ಟಿದ.

ಡೆಗ್ಲರ್ ಮಡಕೆಯನ್ನೆತ್ತಿ ಮೆಲ್ಲಗೆ ಅಲ್ಲಾಡಿಸಿದ. ತಳದೊಳಗಿಂದ ಕಟಕಟ ಸದ್ದು ಬಂತು.

“ಕೇಳಿಸ್ತಾ? ತಳ ಎರಡು ಪದರ ಇದೆ. ಒಳಗೆ ಏನೋ ಇಟ್ಟು ಮುಚ್ಚಿದ್ದಾರೆ. ಬರೋ ಭಾನುವಾರ ಜಿಲ್ಲೆಯ ಪಕ್ಷದ ಮುಖ್ಯಸ್ಥರು ಬರ್ತಾರೆ. ಅವರ ಕೈಯಿಂದಲೇ ಇದನ್ನ ಬಿಚ್ಚಿಸೋದು.”

ಆ ಸದ್ದು ಏನೆಂದು ಕ್ನೌಸ್‌ಗೆ ಗೊತ್ತು. ಕೋಣೆಯಲ್ಲಿದ್ದ ಹಳಬರಿಗೆಲ್ಲ ಗೊತ್ತು.

ಇಪ್ಪತ್ತು ಚಿಲ್ಲರೆ ವರ್ಷದ ಹಿಂದಿನ ಮಹಾಯುದ್ಧಕ್ಕೆ ಮುಂಚೆ ಈ ಸಂಘಕ್ಕೆ ಒಂದು ಹುಚ್ಚಿತ್ತು. ಫಾಸ್ನೆಟ್ ಹಬ್ಬದಲ್ಲಿ ಊರಿಗೆ ಊರೇ ಮುಖವಾಡ ಹಾಕಿ ಕುಣಿಯುವಾಗ ಈ ಪಂಡಿತರು ತಮ್ಮದೇ ಕುಣಿತ ಕುಣಿಯುತ್ತಿದ್ದರು. ಸರದಿ ಬಂದ ಇಬ್ಬರು ಒಂದು ನಕಲಿ ಪುರಾತನ ವಸ್ತು ಮಾಡಿ ಎಲ್ಲಾದರೂ ಹೂಳಬೇಕು. ಹೊಸದಾಗಿ ಸೇರಿದ ಸದಸ್ಯ ಅದನ್ನು ಅಗೆದು ತೆಗೆದು, ಕೋಟು ಟೈ ಹಾಕಿಕೊಂಡು, ಅದರ ಕಾಲ, ಕುಲ, ಗೋತ್ರಗಳ ಮೇಲೆ ಗಂಭೀರವಾಗಿ ಉಪನ್ಯಾಸ ಕೊಡಬೇಕು. ಕೊನೆಗೆ ಅದನ್ನು ಒಡೆದರೆ ಒಳಗಿಂದ ಊರಿನ ಬಿಯರ್ ಬಾಟಲಿಯ ಪಿಂಗಾಣಿ ಬಿರಡೆ ಉರುಳಿ ಬೀಳಬೇಕು. ಆಗ ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಗಬೇಕು. ಬಿರಡೆ ಹಾಕದೆ ಏನನ್ನೂ ಹೂಳುವಂತಿಲ್ಲ ಎಂದು ಸಂಘದ ಕಟ್ಟಪ್ಪಣೆಯೇ ಇತ್ತು. ಮರೆತುಹೋಗಿ ನೆಲದಲ್ಲೇ ಉಳಿದರೂ ನಾಳೆ ಯಾರೂ ಮೋಸ ಹೋಗಬಾರದಲ್ಲ? ತಮಾಷೆಯನ್ನೂ ಇಷ್ಟು ಶಿಸ್ತಾಗಿ ಮಾಡುವ ಜನ ಬೇರೆಲ್ಲಿ ಸಿಕ್ಕಾರು!

ಯುದ್ಧದ ಹಿಂದಿನ ಕೊನೆಯ ಹಬ್ಬದಲ್ಲಿ ಸರದಿ ಬಂದದ್ದು ಔಷಧಿ ಅಂಗಡಿಯ ಕ್ನೌಸ್‌ಗೆ ಮತ್ತು ಹಲ್ಲಿನ ಡಾಕ್ಟರ್ ಬೆನ್ನೋ ಲಾಂಡೌವರ್‌ಗೆ. ಕ್ನೌಸ್ ಮ್ಯೂಸಿಯಮ್ಮಿನ ಒಡೆದ ಮಡಕೆಗಳಿಗೆ ತೇಪೆ ಹಾಕುತ್ತಿದ್ದವನು, ಮಣ್ಣಿನ ಹದ ಬಲ್ಲವನು. ಹಿತ್ತಲ ಒಲೆಯಲ್ಲಿ ಮಡಕೆ ಸುಟ್ಟವನು ಅವನು. ಕುತ್ತಿಗೆಯ ಸುತ್ತ ಅಂಕುಡೊಂಕು ಗೆರೆಗಳನ್ನು ಲಾಂಡೌವರ್ ಹಲ್ಲು ಕೆರೆಯುವ ಕೊಕ್ಕೆಯಿಂದ ಗೀರಿದ್ದ, ತಳವನ್ನು ಹಲ್ಲಿನ ಅಚ್ಚು ತೆಗೆಯುವ ಪ್ಲಾಸ್ಟರಿನಿಂದ ಮುಚ್ಚಿದ್ದ. ಇಬ್ಬರೂ ಸೇರಿ ಅದನ್ನು ನೇಣುಗುಡ್ಡದಲ್ಲಿ ಹೂತಿದ್ದರು. ಅಗೆಯಬೇಕಿದ್ದ ಹೊಸ ಹುಡುಗ ಆ ವರ್ಷ ಜ್ವರ ಬಂದು ಮಲಗಿದ. ಬೇಸಿಗೆಯಲ್ಲಿ ಯುದ್ಧ ಬಂತು. ಹುಡುಗ ಹೋದವನು ವಾಪಸು ಬರಲಿಲ್ಲ. ಮಡಕೆಯನ್ನು ಅಗೆಯಲು ಯಾರಿಗೂ ಮನಸ್ಸು ಬರಲಿಲ್ಲ.

ಈಗ ಹಳಬರೆಲ್ಲ ಒಬ್ಬರನ್ನೊಬ್ಬರು ನೋಡದಂತೆ ಕೂತಿದ್ದರು. ಪಾದ್ರಿ ಫಾಯ್ಲ್ ಕನ್ನಡಕ ಒರೆಸುತ್ತಿದ್ದ, ಒರೆಸುತ್ತಲೇ ಇದ್ದ. ಗಡಿಯಾರದ ಅಂಗಡಿಯ ಬ್ರೆಂಟ್ಸ್ ತನ್ನದೇ ಜೇಬುಗಡಿಯಾರಕ್ಕೆ ಕೀಲಿ ಕೊಟ್ಟ. ಆಗಲೇ ಹೇಳಿಬಿಟ್ಟಿದ್ದರೆ ನಗೆಯಲ್ಲಿ ಮುಗಿದುಹೋಗುತ್ತಿತ್ತೋ ಏನೋ. ಆದರೆ ಜಿಲ್ಲಾ ಮುಖ್ಯಸ್ಥರ ಹೆಸರು ಬಂದ ಮೇಲೆ ನಗುವವರು ಯಾರು? ಯಾರು ಮೊದಲು ಬಾಯಿಬಿಡುತ್ತಾರೋ, ಯಾರು ಹೋಗಿ ಚಾಡಿ ಹೇಳುತ್ತಾರೋ ಎಂದು ಪ್ರತಿಯೊಬ್ಬನಿಗೂ ಪಕ್ಕದವನದೇ ಭಯ.

ಕ್ನೌಸ್ ಮನೆಗೆ ಬಂದು ಸೂಪಿನ ಮುಂದೆ ಕೂತ. ಚಮಚ ಎತ್ತಲಿಲ್ಲ. ಭಾನುವಾರ ಬಿರಡೆ ಉರುಳಿ ಮುಖ್ಯಸ್ಥರ ಬೂಟಿನ ಹತ್ತಿರ ಬೀಳುತ್ತದೆ. ಯಾರ ಕೆಲಸ ಇದು ಎಂದು ಡೆಗ್ಲರ್ ಕೇಳುತ್ತಾನೆ. ಹಳಬರಲ್ಲಿ ಯಾರಾದರೂ ಒಬ್ಬ ಹೇಳಿಯೇ ಹೇಳುತ್ತಾನೆ. ಕ್ನೌಸ್‌ಗಿಂತ ಮೊದಲು ಬಾಯಿಗೆ ಬರುವ ಹೆಸರು ಲಾಂಡೌವರನದು. ಯಹೂದಿಯೊಬ್ಬ ನಮ್ಮ ಪೂರ್ವಜರನ್ನು ಗೇಲಿ ಮಾಡಿದ ಎಂದರೆ ಸಾಕು, ಮುಂದೆ ಯಾರೂ ಏನೂ ವಿಚಾರಿಸುವುದಿಲ್ಲ.

ಮರುದಿನ ಅವನು ಕೆಮ್ಮಿನ ಔಷಧಿಯ ಬಾಟಲಿಯೊಂದನ್ನು ಹಿಡಿದು, ರೋಗಿಗೆ ಕೊಡಲು ಹೋಗುವವನಂತೆ, ರೊಟ್ಟಿಯವರ ಬೀದಿಯ ಹಿಂಬಾಗಿಲಿನಿಂದ ಲಾಂಡೌವರನ ಮನೆ ಹೊಕ್ಕ. ನಾಲ್ಕು ವರ್ಷದ ಹಿಂದೆ ಸಂಘದಿಂದ ಲಾಂಡೌವರನ ಹೆಸರು ಹೊಡೆದುಹಾಕಿದ ಸಭೆಯಲ್ಲಿ ಕ್ನೌಸ್ ಮೇಜಿನಡಿ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ದಾರ ಆಗಲೇ ಕಟ್ಟಿತ್ತು. ಅದು ಲಾಂಡೌವರ್‌ಗೂ ಗೊತ್ತಿತ್ತು. ಅವನು ಆ ಮಾತು ಎಂದೂ ಎತ್ತಿರಲಿಲ್ಲ, ಅದಕ್ಕೇ ಕ್ನೌಸ್‌ಗೆ ಅವನ ಮುಖ ನೋಡುವುದು ಕಷ್ಟವಾಗಿತ್ತು.

ಮನೆಯಲ್ಲಿ ಪೆಟ್ಟಿಗೆಗಳು ತುಂಬಿ ನಿಂತಿದ್ದವು. ಲಾಂಡೌವರನ ಮಗಳು ಬ್ಯೂನಸ್ ಐರಿಸ್‌ನಲ್ಲಿದ್ದಳು. ಹಡಗಿನ ಟಿಕೆಟ್ಟು ಬಂದಿತ್ತು. ಬಾರದೆ ಉಳಿದದ್ದು ಪಾಸ್‌ಪೋರ್ಟ್ ಒಂದೇ.

ಮಡಕೆಯ ವಿಷಯ ಕೇಳಿ ಲಾಂಡೌವರ್ ಕುರ್ಚಿಯಲ್ಲಿ ಬಿದ್ದು ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

“ರಾಜನ ಮಡಕೆಯಂತೆ! ಲೋ ಓಟ್‌ಮಾರ್, ನೀನು ಆವತ್ತು ಕುಡಿದು ಕೈ ನಡುಗಿಸಿದ್ದಕ್ಕೆ ಅದರ ಬಾಯಿ ಸೊಟ್ಟ ಆಗಿತ್ತಲ್ಲೋ. ಆ ಸೊಟ್ಟಕ್ಕೆ ಏನಂತಾನೆ ನಿಮ್ಮ ಡೆಗ್ಲರ್?”

“ಪೂರ್ವಜರ ಸಹಜ ಕಲೆ ಅಂತಾನೆ.”

“ಅಯ್ಯೋ ದೇವರೇ,” ಎಂದು ಲಾಂಡೌವರ್ ಮತ್ತೆ ನಕ್ಕ. ಆಮೇಲೆ ಕ್ನೌಸ್‌ನ ಮುಖ ನೋಡಿದ. ನಗು ನಿಂತಿತು. “ಬಿರಡೆ ಒಳಗೇ ಇದೆಯಾ?”

“ಸದ್ದು ಕೇಳಿಸ್ತು.”

ಬೀದಿಯಲ್ಲಿ ಯಾರದೋ ಬೂಟಿನ ಸದ್ದು ಬಂದು, ಮನೆಯ ಮುಂದೆ ನಿಧಾನವಾಗಿ, ಮುಂದೆ ಹೋಯಿತು. ಅದು ದೂರವಾಗುವವರೆಗೆ ಲಾಂಡೌವರ್ ಉಸಿರು ಹಿಡಿದಿದ್ದ.

“ನೀನು ಏನೂ ಗೊತ್ತಿಲ್ಲ ಅನ್ನು,” ಎಂದ ಆಮೇಲೆ. “ಎಲ್ಲ ನಾನೇ ಮಾಡಿದ್ದು ಅನ್ನು. ನಾನು ಹೋಗೋನು ತಾನೆ.”

“ಪಾಸ್‌ಪೋರ್ಟ್ ಬರದೆ ಎಲ್ಲಿಗೆ ಹೋಗ್ತೀಯೋ? ಜೈಲಿಗಾ?”

“ಹಾಗಾದ್ರೆ ಏನು ಮಾಡ್ತೀಯ?”

“ಏನೋ ಮಾಡ್ತೀನಿ ಬಿಡು,” ಎಂದ ಕ್ನೌಸ್. ತನ್ನ ಬಾಯಿಂದ ಇಂಥ ಧೈರ್ಯದ ಮಾತು ಬಂದದ್ದು ಕೇಳಿ ಅವನಿಗೇ ಗಾಬರಿಯಾಯಿತು.

ಬಾಗಿಲವರೆಗೆ ಬಂದ ಲಾಂಡೌವರ್ ಅವನ ತೋಳು ಹಿಡಿದ. “ಒಂದು ಮಾತು. ನಾನು ಹೋದಮೇಲೆ ಸೆಲ್ಮಾ ಇಲ್ಲಿ ಒಬ್ಬಳೇ ಆಗ್ತಾಳೆ. ವರ್ಷಕ್ಕೊಂದು ಸಲ ಗುಡ್ಡಕ್ಕೆ ಹೋಗಿ ಅವಳ ಗೋರಿ ಮೇಲೆ ಒಂದು ಕಲ್ಲು ಇಟ್ಟು ಬಾ. ನಮ್ಮಲ್ಲಿ ಹೂವು ಇಡಲ್ಲ, ನಿಂಗೆ ಗೊತ್ತಲ್ಲ. ಅಷ್ಟು ಸಾಕು.”

ಲಾಂಡೌವರನ ಹೆಂಡತಿ ಸೆಲ್ಮಾಳನ್ನು ಹೂಳಿದ್ದ ಯಹೂದಿಗಳ ರುದ್ರಭೂಮಿ ನೇಣುಗುಡ್ಡದ ಕೆಳ ಇಳಿಜಾರಿನಲ್ಲಿತ್ತು. ಊರಿಗೆ ಬೇಡವಾದದ್ದನ್ನೆಲ್ಲ ಹಿಂದಿನವರು ಆ ಗುಡ್ಡಕ್ಕೇ ಕಳಿಸುತ್ತಿದ್ದರು. ಇಡ್ತೀನಿ ಎಂದು ಕ್ನೌಸ್ ಮಾತು ಕೊಟ್ಟ.

ಮಡಕೆಯನ್ನು ಇರಿಸಿದ್ದ, ಮೇಲ್ಬಾಗಿಲ ಗೋಪುರದ ಸಂಘದ ಮ್ಯೂಸಿಯಮ್ಮಿನ ಒಂದು ಬೀಗದ ಕೈ ಕ್ನೌಸ್‌ನ ಹತ್ತಿರವೇ ಇತ್ತು. ಶುಕ್ರವಾರ ಮಧ್ಯಾಹ್ನ ಶಾಲೆ ನಡೆಯುವ ಹೊತ್ತು ನೋಡಿಕೊಂಡು, ತುಕ್ಕು ತೆಗೆಯುವ ಎಣ್ಣೆಯ ಡಬ್ಬದಲ್ಲಿ ಪ್ಲಾಸ್ಟರ್ ಪುಡಿ ಮತ್ತು ಒಲೆಯ ಮಸಿ ಅಡಗಿಸಿಕೊಂಡು ಹೋದ. ಗೋಪುರದ ಮೆಟ್ಟಿಲು ಪ್ರತಿ ಹೆಜ್ಜೆಗೂ ಕಿರುಗುಟ್ಟಿತು. ಇಷ್ಟು ವರ್ಷ ಹತ್ತಿಳಿದವನಿಗೆ ಆ ಮೆಟ್ಟಿಲು ಇಷ್ಟು ಬಾಯಿಬಡುಕ ಎಂದು ಗೊತ್ತೇ ಇರಲಿಲ್ಲ.

ಮಡಕೆಯನ್ನು ಮಡಿಲಲ್ಲಿ ಬೋರಲು ಹಾಕಿಕೊಂಡು ತಳವನ್ನು ಕೆರೆದ. ಲಾಂಡೌವರನ ಪ್ಲಾಸ್ಟರ್ ಕಲ್ಲಾಗಿತ್ತು. ಗೋಪುರದ ಕೆಳಗೆ ಯುವಕರ ದಂಡೊಂದು ಹಾಡುತ್ತ ಹಾದುಹೋಯಿತು. ಆ ಹಾಡಿನ ತಾಳಕ್ಕೆ ಸರಿಯಾಗಿ ಅವನು ಉಳಿಯಿಂದ ಕುಟ್ಟಿದ, ಹಾಡು ನಿಂತಾಗ ಕೈಯನ್ನೂ ನಿಲ್ಲಿಸಿದ. ಬೆವರು ಕನ್ನಡಕದ ಮೇಲೆ ತೊಟ್ಟಿಕ್ಕಿತು. ಕೊನೆಗೆ ಬಿಳಿ ಬಿರಡೆ ಅಂಗೈಗೆ ಬಿತ್ತು. ಮುಚ್ಚಿಹೋದ ಊರ ಬ್ರೂವರಿಯ ಕೆಂಪು ಹುಂಜದ ಚಿತ್ರ ಅದರ ಮೇಲೆ ಇನ್ನೂ ಅಚ್ಚಳಿಯದೆ ಇತ್ತು. ಜೇಬಿಗೆ ಹಾಕಿಕೊಂಡ.

ಅಲ್ಲಿಗೇ ನಿಲ್ಲಿಸುವಂತಿರಲಿಲ್ಲ. ಕಟಕಟ ಸದ್ದನ್ನು ಸಂಘವೆಲ್ಲ ಕೇಳಿದೆ. ಒಳಗೆ ಏನಾದರೂ ಇರಲೇಬೇಕು. ಗೋಡೆಯ ಪಕ್ಕದ ಕಪಾಟಿನ ಮೂಲೆಯಲ್ಲಿ, ಯಾರೂ ತಿರುಗಿ ನೋಡದ ಕಡೆ, ಹಸಿರುಗಟ್ಟಿದ ಕಂಚಿನ ಉಂಗುರವೊಂದಿತ್ತು. ನಿಜವಾದ ಹಳೆಯ ಉಂಗುರ. ಅದನ್ನು ತೆಗೆದು ಒಳಗಿಟ್ಟ. ಪ್ಲಾಸ್ಟರಿಗೆ ಮಸಿ ಕಲಸಿ ತಳ ಮುಚ್ಚಿ, ಮಣ್ಣು ಸವರಿದ. ಬಾಗಿಲಿಗೆ ಬೀಗ ಹಾಕಿ, ಡಬ್ಬವನ್ನು ಕೋಟಿನಡಿ ಅಡಗಿಸಿಕೊಂಡು ಮೆಟ್ಟಿಲಿಳಿದ.

ಭಾನುವಾರ ಎಲ್ಲ ಸುಸೂತ್ರವಾಗಿ ನಡೆಯಿತು. ಮುಖ್ಯಸ್ಥರು ಸಣ್ಣ ಸುತ್ತಿಗೆಯಿಂದ ತಳ ತಟ್ಟಿದರು. ಉಂಗುರ ಬಟ್ಟೆಯ ಮೇಲೆ ಉರುಳಿತು. ಸಭೆ ಎದ್ದು ನಿಂತಿತು. ಕ್ನೌಸ್ ಹಳಬರ ಮುಖ ನೋಡಿದ. ಪಾದ್ರಿಯ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಬ್ರೆಂಟ್ಸ್ ಅವನ ಪಕ್ಕಕ್ಕೆ ಬಂದು ಪಿಸುಗುಟ್ಟಿದ: “ನೋಡು, ನಾನು ಅದನ್ನ ನಿಮ್ಮ ಮಡಕೆ ಅಂತಲೇ ತಿಳಿದಿದ್ದೆ ಕಣೋ. ಸದ್ಯ, ಇದು ನಿಜವಾದದ್ದು!” ಅವನ ಮುಖದಲ್ಲಿ ನಾಟಕ ಇರಲಿಲ್ಲ. ನಂಬುವುದೇ ಕ್ಷೇಮವಾದಾಗ ಮನುಷ್ಯ ಎಷ್ಟು ಬೇಗ ನಂಬುತ್ತಾನೆ ಎಂದು ಕ್ನೌಸ್‌ಗೆ ಭಯವೇ ಆಯಿತು. ಆದರೂ ಆ ದಿನ ಅವನು ಹಂದಿಮಾಂಸವನ್ನೂ ಹುಳಿ ಬರಿಸಿದ ಎಲೆಕೋಸನ್ನೂ ಎರಡೆರಡು ಸಲ ಬಡಿಸಿಕೊಂಡು ತಿಂದ. ಹೆಂಡತಿ ಹೆಡ್‌ವಿಗ್, “ಏನು ಇವತ್ತು ಹೊಟ್ಟೆಗೆ ರಜೆ ಮುಗೀತಾ?” ಎಂದು ಛೇಡಿಸಿದಳು.

ಮಾರನೆಯ ದಿನ ಅಂಗಡಿಯ ಗಂಟೆ ಬಾರಿಸಿತು. ಡೆಗ್ಲರ್ ಬಂದಿದ್ದ. ಒಬ್ಬನೇ.

“ಗಂಟಲಿಗೆ ಏನಾದ್ರೂ ಕೊಡಿ ಕ್ನೌಸ್ ಅವ್ರೇ. ನಿನ್ನೆ ಮಾತಾಡಿ ಮಾತಾಡಿ ಕಟ್ಟಿಹೋಗಿದೆ.”

ಕ್ನೌಸ್ ಗಾಜಿನ ಜಾಡಿಯಿಂದ ಗುಳಿಗೆ ತೆಗೆದು ಪೊಟ್ಟಣ ಕಟ್ಟಿದ. ಡೆಗ್ಲರ್ ಒಂದನ್ನು ಬಾಯಿಗೆ ಹಾಕಿಕೊಂಡು ಚೀಪಿದ. ಹೊರಡಲಿಲ್ಲ.

“ಶನಿವಾರ ನಾನು ಮ್ಯೂಸಿಯಮ್ಮಿಗೆ ಹೋಗಿದ್ದೆ,” ಎಂದ. “ಆ ಬಿರಡೆ ತೆಗೆದು ಬೇರೆ ಏನಾದ್ರೂ ಇಡೋಣ ಅಂತ.”

ಕ್ನೌಸ್ ಕಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡ.

“ಯಾಕೆ ಹಾಗೆ ನೋಡ್ತೀರಿ? ನಾನೇನು ಮಂಕನಾ? ನಾನು ಸಂಘಕ್ಕೆ ಸೇರಿದ ಹೊಸದರಲ್ಲಿ ಮುದುಕರು ಕುಡಿದಾಗೆಲ್ಲ ಇದೇ ಕತೆ ಹೇಳ್ತಿದ್ರು. ಪ್ರತಿ ಮಡಕೆಗೆ ಒಂದು ಬಿರಡೆ. ಅಲ್ಲಾಡಿಸಿದ ತಕ್ಷಣ ಗೊತ್ತಾಯ್ತು. ಹೋಗಿ ನೋಡ್ತೀನಿ, ಪ್ಲಾಸ್ಟರ್ ಇನ್ನೂ ಹಸಿ! ಕಪಾಟಿನಲ್ಲಿ ಉಂಗುರದ ಜಾಗ ಖಾಲಿ. ಇನ್ನೊಂದು ಬೀಗದ ಕೈ ಇರೋದು ನಿಮ್ಮ ಹತ್ತಿರ ತಾನೆ.” ಡೆಗ್ಲರ್ ಗುಳಿಗೆಯನ್ನು ಈ ದವಡೆಯಿಂದ ಆ ದವಡೆಗೆ ಹೊರಳಿಸಿದ. “ನನಗೆ ಖುಷಿ ಆಯ್ತು ಕ್ನೌಸ್ ಅವ್ರೇ. ನೀವು ನಮ್ಮವರು.”

“ನಾನು… ಅದು… ಹಳೇ ತಮಾಷೆ…”

“ತಮಾಷೆ ಯಾರು ಅಂದ್ರು? ರಾಜನ ಮಡಕೆ ಅದು. ಮುಖ್ಯಸ್ಥರು ಒಪ್ಪಿದ್ದಾರೆ. ಆದ್ರೆ ಒಂದು ತೊಂದರೆ. ಇಡೀ ಗುಡ್ಡವನ್ನ ಪವಿತ್ರಭೂಮಿ ಮಾಡ್ಬೇಕು ಅಂತ ಅವರ ಆಸೆ. ಕೆಳ ಇಳಿಜಾರಿನಲ್ಲಿ ಆ ಜನರ ರುದ್ರಭೂಮಿ ಇದೆಯಲ್ಲ. ಅದನ್ನ ಸುಮ್ಮನೆ ಮುಟ್ಟೋ ಹಾಗಿಲ್ಲ, ಕಾಗದಪತ್ರ ಇದೆ ಅಂತ ವಕೀಲರು ತಕರಾರು ತೆಗೀತಾರೆ. ಅದರಡಿ ನಮ್ಮ ಪೂರ್ವಜರ ಮಡಕೆ ಸಿಕ್ಕರೆ ಮಾತು ಬೇರೆ.” ಅವನು ಕಟ್ಟೆಯ ಮೇಲೆ ಬಗ್ಗಿದ. ಬಾಯಿಂದ ಪುದೀನದ ವಾಸನೆ ಬಂತು. “ರುದ್ರಭೂಮಿಯ ಗೋಡೆಯ ಒಳಗೆ, ಗೋರಿಕಲ್ಲುಗಳ ನಡುವೆ ಹೂಳ್ಬೇಕು. ಐದಾರು ಮಡಕೆ ಸಾಕು. ಬಾಯಿ ಸೊಟ್ಟ ಇದ್ರೂ ಪರವಾಗಿಲ್ಲ.”

ಕ್ನೌಸ್ ಆಗುವುದಿಲ್ಲ ಎಂಬಂತೆ ತಲೆ ಅಲ್ಲಾಡಿಸಿದ.

“ನಿಮ್ಮ ಗೆಳೆಯ ಡಾಕ್ಟರರ ಪಾಸ್‌ಪೋರ್ಟ್ ಇನ್ನೂ ಬಂದಿಲ್ವಂತೆ,” ಎಂದ ಡೆಗ್ಲರ್, ಟೋಪಿ ಎತ್ತಿಕೊಳ್ಳುತ್ತ. “ನನ್ನ ಭಾವಮೈದುನನ ಮೇಜಿನ ಮೇಲೇ ಇದೆ. ಪಾಪ, ವಯಸ್ಸಾದವರು. ಮಗಳ ಹತ್ತಿರ ಹೋಗಲಿ. ಮಡಕೆ ಯಾರು ಮಾಡಿದ್ದು ಅಂತ ನನಗೇನೂ ನೆನಪಿಲ್ಲ. ನೆನಪು ಬರೋ ಹಾಗೆ ನೀವು ಮಾಡ್ಬೇಡಿ.” ಬಾಗಿಲಲ್ಲಿ ತಿರುಗಿದ. “ಅಂದಹಾಗೆ, ಈ ಸಲ ಬಿರಡೆ ಬೇಡ.”

ಆ ವಾರ ಕ್ನೌಸ್ ನಿದ್ದೆ ಮಾಡಲಿಲ್ಲ. ಬದುಕಿರುವವನನ್ನು ಉಳಿಸಲು ಸತ್ತವಳನ್ನು ಕೊಡಬೇಕು. ಲೆಕ್ಕ ಸರಿಯಾಗಿದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಸೆಲ್ಮಾಗೇನು ಗೊತ್ತಾಗುತ್ತದೆ? ಆದರೆ ಕಣ್ಣು ಮುಚ್ಚಿದರೆ ಸೆಲ್ಮಾ ಅವರ ಅಡುಗೆಮನೆಯಲ್ಲಿ ನಿಂತು, ಮಡಕೆಗೆ ಮಣ್ಣು ಕಲಸುತ್ತಿದ್ದ ಇಬ್ಬರು ಗಂಡಸರನ್ನು “ಚಿಕ್ಕ ಮಕ್ಕಳಿಗಿಂತ ಕಡೆ ನೀವು” ಎಂದು ಬೈಯುತ್ತಿದ್ದಳು. ಲಾಂಡೌವರ್‌ಗೆ ನಿಜ ಹೇಳೋಣವೆಂದರೆ ಅವನು ಹೊರಡುವುದನ್ನೇ ನಿಲ್ಲಿಸಿಬಿಡುತ್ತಾನೆ. ಆ ಮನುಷ್ಯನ ಹಟ ಅವನಿಗೆ ಗೊತ್ತು. ಗೋರಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಾನೇ ಹೊರತು ಹಡಗು ಹತ್ತಲಾರ.

ಹಿತ್ತಲ ಕೊಟ್ಟಿಗೆಯಲ್ಲಿ ಕ್ನೌಸ್ ಮಣ್ಣು ಕಲಸಿದ. ಕೈ ಹಳೆಯ ಪಳಗಿಕೆಯನ್ನು ಮರೆತಿರಲಿಲ್ಲ. ಅದೇ ಅವನಿಗೆ ಎಲ್ಲಕ್ಕಿಂತ ಅಸಹ್ಯವಾಯಿತು. ಮಡಕೆಗಳು ಮೊದಲಿಗಿಂತ ಚೆನ್ನಾಗಿ ಬಂದವು.

ಕೊನೆಯ ಮಡಕೆಯ ತಳ ಮುಚ್ಚಲು ಕೂತಿದ್ದಾಗ ಹಿಂಬಾಗಿಲು ತೆರೆಯಿತು. ಕ್ನೌಸ್ ಹೌಹಾರಿ ಎದ್ದ. ಲಾಂಡೌವರ್ ನಿಂತಿದ್ದ, ಪ್ರಯಾಣದ ಕೋಟು ಹಾಕಿಕೊಂಡು, ಹತ್ತು ವರ್ಷ ಚಿಕ್ಕವನಾದವನಂತೆ.

“ಬಂತು ಕಣೋ! ಪಾಸ್‌ಪೋರ್ಟ್ ಬಂತು! ಈಗಲೇ ರೈಲು. ಹಾಗೇ ಹೋಗಿಬಿಡೋಣ ಅಂದ್ಕೊಂಡೆ, ನಿನ್ನ ಮುಖ ನೋಡದೆ ಕಾಲು ಬರಲಿಲ್ಲ.” ಅವನು ಸುತ್ತ ನೋಡಿದ. ಕಣ್ಣು ಮಡಕೆಗಳ ಸಾಲಿನ ಮೇಲೆ ನಿಂತಿತು, ಆಮೇಲೆ ಕ್ನೌಸ್‌ನ ಮಣ್ಣಾದ ಕೈ ಮೇಲೆ.

ಕ್ನೌಸ್‌ಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಲಾಂಡೌವರನ ಮುಖ ಅರಳಿತು. “ಎಲಾ ಇವನ! ಮತ್ತೆ ಹಬ್ಬದ ಮಡಕೆ! ಸಂಘದಲ್ಲಿ ಮತ್ತೆ ಶುರು ಮಾಡಿದಿರಾ? ಹಾಗಾದ್ರೆ ಈ ಊರು ಇನ್ನೂ ಪೂರ್ತಿ ಕೆಟ್ಟಿಲ್ಲ ಅನ್ನು.”

“ಹ್ಞೂಂ,” ಎಂದ ಕ್ನೌಸ್. “ಸುಮ್ಮನೆ… ಹೊತ್ತು ಹೋಗಲಿ ಅಂತ.”

“ಆ ಡೆಗ್ಲರ್‌ನ ಕೈಯಲ್ಲೇ ಅಗೆಸ್ಬೇಕು ನೀನು. ಅವನ ಉಪನ್ಯಾಸ ಕೇಳೋಕೆ ನಾನು ಇರಲ್ವಲ್ಲ ಅನ್ನೋದೊಂದೇ ಬೇಜಾರು.” ಲಾಂಡೌವರ್ ಜೇಬಿನಿಂದ ಹೊಳೆಯ ನುಣುಪು ಕಲ್ಲೊಂದನ್ನು ತೆಗೆದು ಹಲಗೆಯ ಮೇಲೆ ಇಟ್ಟ. “ಇದು ಮೊದಲನೇ ವರ್ಷದ್ದು. ಬೆಳಿಗ್ಗೆ ನಾನೇ ಒಂದು ಇಟ್ಟು ಬಂದೆ. ಓಟ್‌ಮಾರ್‌ಗೆ ಹೇಳಿದ್ದೀನಿ, ಅವನು ಬರ್ತಾನೆ ಅಂತ ಅವಳಿಗೆ ಹೇಳಿ ಬಂದಿದ್ದೀನಿ.”

ಅವರಿಬ್ಬರೂ ತಬ್ಬಿಕೊಂಡರು. ಕ್ನೌಸ್ ಮಣ್ಣು ತಾಗದಂತೆ ಕೈಗಳನ್ನು ದೂರ ಹಿಡಿದಿದ್ದ. ಬಾಗಿಲಲ್ಲಿ ಲಾಂಡೌವರ್ ತಿರುಗಿ ನಿಂತ.

“ಬಿರಡೆ ಹಾಕೋದು ಮರೀಬೇಡ ಮಾರಾಯ. ಆಮೇಲೆ ಜನ ನಿಜ ಅಂತ ನಂಬಿಬಿಟ್ಟಾರು.”

“ಮರೆಯಲ್ಲ,” ಎಂದ ಕ್ನೌಸ್.

ಹೆಜ್ಜೆಯ ಸದ್ದು ಬೀದಿಯ ತಿರುವಿನಲ್ಲಿ ಕರಗಿತು. ಕ್ನೌಸ್ ಜೇಬಿನಿಂದ ಹಳೆಯ ಬಿರಡೆ ತೆಗೆದ. ಅಂದಿನಿಂದ ಅದು ಅಲ್ಲೇ ಇತ್ತು. ಮಡಕೆಯ ತಳದೊಳಗೆ ಇಟ್ಟ. ತೆಗೆದ. ಹಡಗು ಬಂದರು ಬಿಡುವವರೆಗೆ ಲಾಂಡೌವರ್ ಇನ್ನೂ ಈ ದೇಶದ ನೆಲದ ಮೇಲಿದ್ದಾನೆ. ದಾರಿಯಲ್ಲಿ ತಡೆಯುವುದಕ್ಕೆ ಒಂದು ಫೋನ್ ಸಾಕು. ಮತ್ತೆ ಇಟ್ಟ. ಅಷ್ಟರಲ್ಲಿ ಅಂಗಡಿಯ ಗಂಟೆ ಬಾರಿಸಿತು, ಯಾರೋ ಹೆಡ್‌ವಿಗ್‌ಳನ್ನು ಗಟ್ಟಿಯಾಗಿ ಮಾತಾಡಿಸಿದರು. ಡೆಗ್ಲರ್‌ನ ದನಿ. ಕ್ನೌಸ್‌ನ ಬೆರಳು ತಾನಾಗಿ ಬಿರಡೆಯನ್ನು ಎತ್ತಿ ಜೇಬಿಗೆ ಹಾಕಿತು.

ಪ್ಲಾಸ್ಟರ್ ಸವರಿ ತಳ ಮುಚ್ಚಿದ. ಮಸಿ ತಿಕ್ಕಿದ. ಆಮೇಲೆ ಹಳೆಯ ಅಭ್ಯಾಸದಂತೆ ಮಡಕೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಏನೂ ಸದ್ದು ಬರಲಿಲ್ಲ.